ಜಗಲಿಯ ನೆಂಟ ಮತ್ತು ಕೆಂಪು ಕಂಟ್ರೋಲರ್

ಒಂದೂರಲ್ಲಿ ಒಬ್ಬಳು ಅಜ್ಜಿ ಇದ್ದಳಂತೆ. ಅವಳ ಮನೆಗೆ ಬಾಗಿಲಿತ್ತು, ಅಗುಳಿ ಇರಲಿಲ್ಲ. ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಒಬ್ಬ ನೆಂಟ ಬಂದ. ಮಳೆ ಬಿದ್ದಿರಲಿಲ್ಲ, ಊರ ಹಳ್ಳದಲ್ಲಿ ನೀರಿರಲಿಲ್ಲ, ಆದರೂ ಅವನ ಕಾಲು ಒದ್ದೆ. ಹೊಸ್ತಿಲಾಚೆಯೇ ನಿಂತು, “ಹೊರಡಾಣೇನಜ್ಜಿ?” ಅಂದ. ಅವನು ಯಾರೆಂದು ಅಜ್ಜಿಗೆ ಗೊತ್ತಾಯಿತು. ಆದರೆ ಅವಳೇನು ಸಾಮಾನ್ಯದವಳೇ? “ಬರ್ತೀನಪ್ಪ. ನನ್ನ ಮೊಮ್ಮಗಳು ಹಸಿರು ಬಳೆ ತರ್ತೀನಿ ಅಂತ ಮಾತು ಕೊಟ್ಟು ಸಂತೆಗೆ ಹೋಗ್ಯಾಳೆ. ನಾನೀಗ ಬಂದ್ಬಿಟ್ರೆ ಆ ಮಾತು ಎಲ್ಲಿಗೆ ಹೋಗ್ಬೇಕು?” ಅಂದಳು. ನೆಂಟ ಎಂಥವನೇ ಆಗಲಿ, ಕೊಟ್ಟ ಮಾತಿಗೆ ಬೆಲೆ ಕೊಡುವವನು. “ಆಗ್ಲಿ, ಬಳೆ ಬರ್ಲಿ” ಎಂದು ಜಗಲಿಯ ಮೇಲೆ ಕೂತ. ಕೂತೇ ಇದ್ದ.

ನನ್ನ ಅಜ್ಜಿ ಸರ್ವಮಂಗಳಮ್ಮ ಹೇಳುತ್ತಿದ್ದ ಈ ಕಥೆ ನನಗೆ ಗೊತ್ತಿದ್ದುದು ಇಲ್ಲಿಯವರೆಗೆ ಮಾತ್ರ. ನೆಂಟ ಜಗಲಿಯ ಮೇಲೆ ಕೂರುವಷ್ಟರಲ್ಲಿ ನಾನು ಅವಳ ಸೆರಗು ಹಿಡಿದುಕೊಂಡೇ ನಿದ್ದೆ ಹೋಗಿರುತ್ತಿದ್ದೆ. ಬೆಳಿಗ್ಗೆ ಎದ್ದ ಮೇಲೆ ಕೇಳಬೇಕೆಂದು ಎಂದೂ ಅನ್ನಿಸಲಿಲ್ಲ. ಅಜ್ಜಿ ಗೆದ್ದಳು, ನೆಂಟ ಸೋತ, ಅಷ್ಟೇ ತಾನೇ ಎಂದುಕೊಂಡು ದೊಡ್ಡವಳಾದೆ.

ಈಗ ನಾನು ಚನ್ನಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಹೇಳಿಕೊಡುತ್ತೇನೆ. ಹೋದ ವರ್ಷ ಟೀವಿಗೆ ಸಿಕ್ಕಿಸುವ ಗೇಮ್ ಬಾಕ್ಸ್ ಕೊಂಡುತಂದೆ. “ವಯಸ್ಸಿಗೆ ಬಂದ ಹುಡುಗಿ, ಮಕ್ಳಾಟ” ಎಂದು ಅಪ್ಪ ಗೊಣಗಿದರು. ಅಜ್ಜಿ ಮಾತ್ರ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಕಂದೀಲು ಹಿಡಿದ ಒಂದು ಗೊಂಬೆ ಕಾಡಿನಲ್ಲಿ ನಡೆಯುತ್ತಾ ಹೋಗುವ ಆಟ ಅದು. ಕಾಡು ಮುಗಿದರೆ ಹೊಳೆ, ಹೊಳೆಗೆ ಹಗ್ಗದ ಸೇತುವೆ, ಸೇತುವೆಯಾಚೆ ಕಿಟಕಿಯಲ್ಲಿ ದೀಪವಿರುವ ಮನೆ. ನಾನು ಗೊಂಬೆಯನ್ನು ನಡೆಸುತ್ತಿದ್ದೆ, ಅಜ್ಜಿ ಅದಕ್ಕೆ ಕಥೆ ಕಟ್ಟುತ್ತಿದ್ದಳು.

“ಆ ಮರದ ಹಿಂದೆ ಹೋಗ್ಬ್ಯಾಡ ಕಣೇ ಶಿವೂ. ಅಲ್ಲೇನೋ ಕುಂತೈತೆ.”

“ಅಜ್ಜಿ, ಅದು ಕಲ್ಲು.”

“ಕಲ್ಲಾದ್ರೆ ಯಾಕೆ ಉಸಿರಾಡ್ತೈತೆ?”

ನೋಡಿದರೆ ನಿಜಕ್ಕೂ ಉಸಿರಾಡುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಜ್ಜಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ನಾಲಿಗೆ ದಪ್ಪವಾಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದು ನಡುಮನೆಯಲ್ಲೇ ಮಂಚ ಹಾಕಿದೆವು. ಬೆರಳಾಡಿಸುವ ಕೆಲಸ ಏನಾದರೂ ಕೊಡಿ ಎಂದಿದ್ದರು ಡಾಕ್ಟರು. ನಾನು ಗೊಂಬೆಯನ್ನಾಡಿಸುವ ಕಂಟ್ರೋಲರನ್ನು ಅವಳ ಕೈಗಿಟ್ಟೆ. ಅದು ಎರಡು ಕೈಯ ಸಾಮಾನು. ಒಂದೇ ಕೈಯಲ್ಲಿ ಗೊಂಬೆಯನ್ನು ನಡೆಸಿದರೆ ಕಂದೀಲು ಎತ್ತಲಾಗುವುದಿಲ್ಲ, ಕಂದೀಲು ಎತ್ತಿದರೆ ನಡೆಸಲಾಗುವುದಿಲ್ಲ. ಅಜ್ಜಿ ಅದನ್ನು ತೊಡೆಯ ಮೇಲೆ ಬಿಟ್ಟು ಕಣ್ಣು ಮುಚ್ಚಿದಳು.

ಆದರೆ ಗೊಂಬೆ ನಿಲ್ಲಲಿಲ್ಲ.

ನಮ್ಮ ಕಂಟ್ರೋಲರಿನ ಎಡಗಡೆ ಗೊಂಬೆಯನ್ನು ನಡೆಸುವ ಪುಟ್ಟ ಸ್ಟಿಕ್ ಸವೆದಿತ್ತು. ಬೆರಳು ತೆಗೆದರೂ ಗೊಂಬೆ ತಾನೇ ತಾನಾಗಿ, ಯಾರೋ ಕರೆದ ಹಾಗೆ, ನಿಧಾನವಾಗಿ ಹೊಳೆಯ ಕಡೆ ನಡೆಯುತ್ತಿತ್ತು. ಡ್ರಿಫ್ಟ್ ಅನ್ನುತ್ತಾರೆ ಇದಕ್ಕೆ ಅಂಗಡಿಯವರು. ನಾನಾದರೆ ಹೆಬ್ಬೆರಳಿಂದ ಸದಾ ಅದನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತಿದ್ದೆ.

ಅಜ್ಜಿ ಕಣ್ಣು ತೆರೆದು ನೋಡಿದಳು. “ಯಾರು ನಡೆಸ್ತಾ ಅದಾರೆ ಅದನ್ನ?”

“ಯಾರೂ ಇಲ್ಲಜ್ಜಿ. ಕೆಟ್ಟೈತೆ.”

ಅವಳು ಒಪ್ಪಿದ ಹಾಗೆ ಕಾಣಲಿಲ್ಲ. ನಾನು ಮಾತು ಬದಲಿಸಲು, ಈ ಬಾಕ್ಸಿನಲ್ಲಿ ಒಂದು ಅನುಕೂಲ ಇದೆಯೆಂದು ಹೇಳಿದೆ. ಇನ್ನೊಂದು ಕಂಟ್ರೋಲರ್ ಇದ್ದರೆ ಎರಡನ್ನೂ ಜೋಡಿಸಿ ಇಬ್ಬರೂ ಸೇರಿ ಒಂದೇ ಗೊಂಬೆಯನ್ನು ಆಡಿಸಬಹುದು. “ನಡೆಸೋದು ನೀನು, ಕಂದೀಲು ಎತ್ತೋದು ನಾನು.”

ಅವಳ ಸೊಟ್ಟ ತುಟಿ ಅಲುಗಿತು. “ನಂಗೂ ಒಂದು ತಗಂಬಾ.”

“ತರ್ತೀನಜ್ಜಿ.”

“ಮಾತು?”

ಅವಳ ಬಲಗೈ ಮೇಲೆ ಕೈಯಿಟ್ಟು “ಮಾತು” ಅಂದೆ.

ಮರುದಿನವೇ ಬಸ್ ಸ್ಟ್ಯಾಂಡ್ ಹತ್ತಿರದ ರಂಗನಾಥನ ಮೊಬೈಲ್ ಅಂಗಡಿಗೆ ಹೋದೆ. ಪ್ಲಾಸ್ಟಿಕ್ ವಾಸನೆಯ, ವೈರಿದ್ದ ಒಂದು ಕಂಟ್ರೋಲರ್ ಅವನಲ್ಲಿತ್ತು. ಮೊದಲು ನಮ್ಮ ಬಾಕ್ಸಿಗೆ ಹಾಕಿ ನೋಡುತ್ತೇನೆಂದು ಕೇಳಿ ಮನೆಗೆ ತಂದೆ. ಬೇರೆ ಆಟಕ್ಕೆ ಆಗುತ್ತಿತ್ತು, ಹಳೆಯದರೊಂದಿಗೆ ಜೋಡಿಯಾಗಲಿಲ್ಲ. ವಾಪಸ್ ಕೊಟ್ಟೆ. ರಂಗನಾಥ, “ಕಂಪನಿದೇ ಬೇಕು ಅದಕ್ಕೆ. ಹೊನ್ನಾಳಿಗೆ ಹೋಗಿ ಅಕ್ಕಾ, ಅಲ್ಲಿ ವಿನಯ್ ಕುಮಾರ್ ಅಂತ ಅದಾನೆ, ಇದ್ರದ್ದೇ ವ್ಯಾಪಾರ” ಅಂದ. ಆವತ್ತಿನವರೆಗೆ ನನ್ನ ಮನಸ್ಸಿನಲ್ಲಿ ಕಪಟವೇನೂ ಇರಲಿಲ್ಲ.

ಆ ಭಾನುವಾರ ಜಗಳೂರಿನಿಂದ ಪ್ರೇಮಲತಾ ಅತ್ತೆ ಬಂದರು. ಅಪ್ಪನ ಅಕ್ಕ, ಅಜ್ಜಿಯ ಹಿರಿಮಗಳು. ತಮ್ಮ ಅವ್ವನ ತಲೆ ಬಾಚಿ, ಕಾಲು ಒತ್ತಿ, ಕಂಟ್ರೋಲರ್ ವಿಷಯ ನನ್ನ ಬಾಯಿಂದ ಕೇಳಿದ್ದೇ ನನ್ನ ರೆಟ್ಟೆ ಹಿಡಿದು ಹಿತ್ತಿಲಿಗೆ ಎಳೆದುಕೊಂಡು ಹೋದರು.

“ತರ್ಬ್ಯಾಡ.”

“ಯಾಕತ್ತೆ? ಮಾತು ಕೊಟ್ಟೀನಿ.”

“ಅದಕ್ಕೇ ತರ್ಬ್ಯಾಡ ಅಂದಿದ್ದು. ನಮ್ಮಜ್ಜಿ ಗಿಡ್ಡಮ್ಮ ಹಾಸಿಗೆ ಹಿಡಿದಾಗ ‘ನಂಗೊಂದು ಕೌದಿ ಹೊಲ್ದು ಕೊಡ್ರೇ’ ಅಂತ ಕೇಳಿದ್ಲು. ಹೊಲಿದೋಳು ಯಾರು? ಅವ್ವನೇ. ಮೂರು ಮೂಲೆ ಮುಗಿಸಿ ಕಡೇ ಮೂಲೆ ಹಂಗೇ ಬಿಟ್ಲು. ಕೇಳಿದಾಗೆಲ್ಲ ‘ಇನ್ನೊಂದೀಟು ಐತೆ ಅತ್ತಿ’ ಅನ್ನೋಳು. ಕೊಟ್ಟ ಮಾತು ಬಾಕಿ ಇರೋ ಮನೆ ಹೊಸ್ತಿಲು ದಾಟಾಕೆ ಆ ನೆಂಟನಿಗೆ ಬರಂಗಿಲ್ಲ. ಎಷ್ಟು ಮಳೆಗಾಲ ಹೋದ್ವು ಗೊತ್ತೇನು?”

“ಆಮೇಲೆ?”

ಅತ್ತೆ ಒಗೆಯುವ ಕಲ್ಲಿನ ಮೇಲೆ ಕೂತರು. “ಚಿಕ್ಕಪ್ಪನ ಮದುವೆ ಆಯ್ತು. ಹೊಸ ಸೊಸಿಗೆ ಏನು ಗೊತ್ತು ಪಾಪ. ಕೌದಿ ಮೂಲೆ ಬಿಚ್ಚೈತೆ ಅಂತ ಸೂಜಿ ತಗಂಡು ಕುಂತು ಹೊಲಿದೇಬಿಟ್ಲು. ದೀಪ ಹಚ್ಚೋ ಹೊತ್ತಿಗೆ ಅಜ್ಜಿ ಇರ್ಲಿಲ್ಲ.”

ಆಗ ನನಗೆ ತಾತನ ಕುರ್ಚಿ ನೆನಪಾಯಿತು. ಕೊನೆಕೊನೆಗೆ ತಾತ ಒಂದು ಆರಾಮ ಕುರ್ಚಿ ಕೇಳಿದ್ದರು. ಮರದ ಚೌಕಟ್ಟು ಬಂತು, ಅದಕ್ಕೆ ಬಟ್ಟೆ ಮಾತ್ರ ಬರಲೇ ಇಲ್ಲ. ಅವರು ಹಾಸಿಗೆಯಲ್ಲಿ ಮಲಗಿ ಆ ಬರಿಯ ಚೌಕಟ್ಟನ್ನೇ ನೋಡುತ್ತಿದ್ದರು. ಮರೆತಿದ್ದಾರೆಂದು ನಾನು ತಿಳಿದಿದ್ದೆ. ನಮ್ಮ ಮನೆಯಲ್ಲಿ ಯಾರೂ ಏನನ್ನೂ ಮರೆತಿರಲಿಲ್ಲ.

“ಅಂಗಡಿಗೆ ಹೋಗು, ನೋಡು, ಬಾ. ‘ಇವತ್ತು ಸಿಗ್ಲಿಲ್ಲಜ್ಜಿ’ ಅನ್ನು. ಸುಳ್ಳೇನಲ್ಲ ಅದು,” ಎಂದರು ಅತ್ತೆ. ಅವರ ಕಣ್ಣು ತುಂಬಿದ್ದವು.

ನಾನು ಹಾಗೆಯೇ ಮಾಡಿದೆ.

ಹೊನ್ನಾಳಿಗೆ ಹೊರಟ ಬಸ್ಸು ಹೊಳೆ ಸೇತುವೆ ಹತ್ತಿದಾಗ ಕೆಳಗೆ ತುಂಗಭದ್ರೆ ಕಂದುಬಣ್ಣದಲ್ಲಿ ಹರಿಯುತ್ತಿತ್ತು. ನಾನು ಆ ಕಡೆ ನೋಡಲಿಲ್ಲ. ವಿನಯ್ ಕುಮಾರನ ಅಂಗಡಿ ಚಿಕ್ಕದು, ಗೋಡೆ ತುಂಬ ಕಂಟ್ರೋಲರ್‌ಗಳು ನೇತುಬಿದ್ದಿದ್ದವು. ನಾನು ಹೇಳಿದ್ದನ್ನೆಲ್ಲ ಅವನು ಗಮನವಿಟ್ಟು ಕೇಳಿಸಿಕೊಂಡ.

“ಅಜ್ಜಿಗಾ? ಬಲಗೈ ಒಂದೇ ಆಡೋದು ಅಂದ್ರಿ. ಹಂಗಾದ್ರೆ ವೈರಿನದು ಬ್ಯಾಡ, ಹಾಸಿಗೇಲಿ ಸಿಕ್ಕಾಕಂತೈತೆ. ಹಗುರ ಇರ್ಬೇಕು. ತೊಡೆ ಮೇಲೆ ಇಟ್ರೆ ಜಾರ್ಬಾರ್ದು. ಸ್ಟಿಕ್ ಮೆತ್ತಗಿರ್ಬೇಕು.” ಅವನು ಒಂದನ್ನು ಇಳಿಸಿ ನನ್ನ ಕೈಗಿಟ್ಟ. “ಇದು ನೋಡ್ರಿ ಮೇಡಂ. ಒಳಗೆ ಮ್ಯಾಗ್ನೆಟ್ ಐತೆ, ಸವೆಯಲ್ಲ. ತಾನೇ ತಾನಾಗಿ ನಡೆಯೋ ಕಾಯಿಲೆ ಇದಕ್ಕೆ ಬರಲ್ಲ. ನಿಮ್ಮ ಹಳೇದಕ್ಕೆ ಜೋಡಿನೂ ಆಗ್ತೈತೆ.”

ಹೆಬ್ಬೆರಳಿಟ್ಟೆ. ಬೆಣ್ಣೆಯಂತೆ ಸರಿಯಿತು. ಬೆರಳು ತೆಗೆದರೆ ನೆಟ್ಟಗೆ ನಡುವಿಗೆ ಬಂದು ನಿಂತಿತು. ಅಜ್ಜಿಗೆಂದೇ ಮಾಡಿದ ಹಾಗಿತ್ತು. ನನಗೆ ಭಯವಾಯಿತು.

“ಬಿಳಿ,” ಎಂದೆ.

“ಏನ್ರೀ?”

“ಬಣ್ಣ ಬಿಳಿ ಐತೆ. ಬಿಳಿ ಬೇಡ.”

“ಕಪ್ಪು ಕೊಡ್ಲಾ?”

“ಕಪ್ಪೂ ಬೇಡ.”

ಅವನು ನಕ್ಕ. “ಮದುವೆಗೆ ಗಂಡು ನೋಡೋರೂ ಇಷ್ಟು ನೋಡಲ್ಲ ಬಿಡ್ರಿ. ಕೆಂಪು ಆಗ್ತೈತಾ? ಇಲ್ಲಿಲ್ಲ, ನ್ಯಾಮತೀಲಿ ನಮ್ಮಕ್ಕನ ಅಂಗಡೀಲಿ ಒಂದೇ ಒಂದು ಐತೆ. ಆಶಾ ಅಂತ. ಫೋನ್ ಮಾಡಿ ತೆಗೆದಿಡಿಸ್ಲಾ?”

“ಬೇಡ, ನಾನೇ ಹೋಗ್ತೀನಿ,” ಎಂದು ಎದ್ದೆ. ನ್ಯಾಮತಿಗೆ ಹೋಗಲಿಲ್ಲ. ಚನ್ನಗಿರಿಯ ಬಸ್ಸು ಹತ್ತಿದೆ.

“ಸಿಕ್ತಾ?” ಎಂದಳು ಅಜ್ಜಿ.

“ಇವತ್ತು ಸಿಗ್ಲಿಲ್ಲಜ್ಜಿ.”

ಹೀಗೆ ಹೇಳುವುದು ಬರಬರುತ್ತಾ ಸಲೀಸಾಯಿತು. ಸ್ಟಿಕ್ ಬಿರುಸು, ಚಾರ್ಜು ನಿಲ್ಲಲ್ಲ, ಅಂಗಡಿ ಬಾಗಿಲು ಹಾಕಿತ್ತು. ಒಮ್ಮೆ ಏನೂ ತೋಚದೆ, ರಸ್ತೆ ತುಂಬ ಮೆಕ್ಕೆಜೋಳ ಒಣಹಾಕಿದ್ದಾರೆ, ಬಸ್ಸೇ ಮುಂದೆ ಹೋಗಲಿಲ್ಲ ಅಂದೆ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಅವಳು ಸಾಯಲಿಲ್ಲ ನಿಜ. ಆದರೆ ಬದುಕುವುದನ್ನೂ ನಿಲ್ಲಿಸಿದ ಹಾಗಿತ್ತು. ರಾಗಿ ಗಂಜಿ ಬಾಯಲ್ಲೇ ಉಳಿಯುತ್ತಿತ್ತು. ಕಣ್ಣು ತಲೆಬಾಗಿಲಿನ ಮೇಲೆ. ಬಾಗಿಲು ಮುಚ್ಚಿದರೆ ಬಲಗೈಯಿಂದ ಮಂಚದ ಪಟ್ಟಿ ಬಡಿಯುತ್ತಿದ್ದಳು, ತೆರೆಯುವ ತನಕ. ಒಂದು ಮಧ್ಯಾಹ್ನ ತನಗೆ ಕೊಟ್ಟ ನೀರಿನ ಲೋಟವನ್ನು ಅಮ್ಮನ ಕಡೆ ನೂಕಿ ಜಗಲಿಯತ್ತ ಕೈ ತೋರಿಸಿದಳು.

“ಯಾರಿಗತ್ತೆ?” ಎಂದಳು ಅಮ್ಮ.

“ಬಿಸಿಲಾಗೆ ಕುಂತೈತೆ, ಪಾಪ.”

ಅಮ್ಮ ಹೊರಗೆ ಹೋಗಿ ನೋಡಿ ಬಂದಳು. ಜಗಲಿ ಖಾಲಿ. ಆದರೆ ಆವತ್ತಿನಿಂದ ನಾನು ಗಮನಿಸತೊಡಗಿದೆ. ಎಷ್ಟೋ ವರ್ಷದಿಂದ ನಮ್ಮ ಜಗಲಿಯ ಮೇಲೆ ಮಲಗುತ್ತಿದ್ದ ಬೀದಿನಾಯಿ ಎದುರು ಮನೆಯ ಮೆಟ್ಟಿಲಿಗೆ ಹೋಗಿತ್ತು. ಅಲ್ಲಿಂದಲೇ ತಲೆ ಎತ್ತಿ ನಮ್ಮ ಜಗಲಿಯನ್ನು ನೋಡುವುದು, ಮತ್ತೆ ತಲೆ ತಗ್ಗಿಸುವುದು. ಸುತ್ತೆಲ್ಲ ಒಣಗಿ ಬಿರಿದಿದ್ದರೂ ಜಗಲಿಯ ಕಲ್ಲು ಒಂದು ಕಡೆ ತಣ್ಣಗೆ ಕಪ್ಪಾಗಿರುತ್ತಿತ್ತು. ನೆಲದ ಥಂಡಿ ಎಂದರು ಅಪ್ಪ. ಇರಬಹುದು.

ಜಗಳೂರಿನಿಂದ ಅತ್ತೆ ಫೋನ್ ಮಾಡಿದಾಗಲೆಲ್ಲ ಮೊದಲ ಪ್ರಶ್ನೆ ಒಂದೇ. “ತಂದಿಲ್ಲ ತಾನೇ?”

“ಇಲ್ಲತ್ತೆ.”

“ನೋಡು ಮತ್ತೆ. ಹೆಂಗೆ ತಡೀತು.”

ಅಡಿಕೆ ಬೇಯಿಸುವ ಚೊಗರಿನ ವಾಸನೆ ಊರೆಲ್ಲ ತುಂಬಿದ್ದ ಒಂದು ಬೆಳಿಗ್ಗೆ, ಶಾಲೆಗೆ ರಜೆ. ಅಜ್ಜಿಯ ಮಂಚದ ಪಕ್ಕ ಕೂತು ಆಡುತ್ತಿದ್ದೆ. ಸ್ಟಿಕ್ ಇನ್ನಷ್ಟು ಕೆಟ್ಟಿತ್ತು. ಎಳೆದು ಹಿಡಿದೂ ಹಿಡಿದೂ ಹೆಬ್ಬೆರಳು ಮರಗಟ್ಟಿ, ಒಂದು ಗಳಿಗೆ ಬಿಟ್ಟೆ. ಗೊಂಬೆ ಹೊರಟಿತು. ಕಾಡು ದಾಟಿ ಹೊಳೆಯ ದಡಕ್ಕೆ ಬಂತು. ಅಲ್ಲಿ ಕಾಣದ ಒಂದು ಬೇಲಿ ಇರುತ್ತದೆ. ಗೊಂಬೆ ನೀರಿಗೆ ಬೀಳುವುದಿಲ್ಲ, ಹಿಂದಕ್ಕೂ ಬರುವುದಿಲ್ಲ, ದಡದಲ್ಲಿ ನಿಂತಲ್ಲೇ ಕಾಲು ಹಾಕುತ್ತಿರುತ್ತದೆ. ಹೆಜ್ಜೆ, ಹೆಜ್ಜೆ, ಹೆಜ್ಜೆ. ಕಂದೀಲು ಅಲ್ಲಾಡುತ್ತಿತ್ತು.

ಅಜ್ಜಿ ಒಂದು ಸದ್ದು ಮಾಡಿದಳು. ನಗು ಅಂದುಕೊಂಡೆ. ತಿರುಗಿ ನೋಡಿದರೆ ಕಣ್ಣಲ್ಲಿ ನೀರು.

“ಶಿವೂ. ನಾನು ಅದು.”

“ಹಂಗನ್ಬ್ಯಾಡಜ್ಜಿ.”

“ಬಳೆ ಕಥೆ,” ಎಂದಳು. ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಎಳೆದು ಎಳೆದು ತೆಗೆಯುತ್ತಿದ್ದಳು. “ಕಡೇಕೆ ಏನಾಯ್ತು, ಹೇಳು.”

“ನೆಂಟ ಜಗಲಿ ಮೇಲೆ ಕೂತ. ಬಳೆ ಬರ್ಲಿಲ್ಲ. ಅಜ್ಜಿ ಉಳಿದ್ಲು.”

“ನಿದ್ದೆಬುರ್ಕಿ. ನೀನು ಪೂರ್ತಿ ಯಾವತ್ತು ಕೇಳೀಯ?” ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. “ಮೊಮ್ಮಗಳು ಸಂತೆಯಿಂದ ವಾಪಸ್ ಬಂದ್ಲು. ಬರಿಗೈಲಿ. ಮತ್ತೆ ಹೋದ್ಲು, ಮತ್ತೆ ಬರಿಗೈ. ನೆಂಟ ನೋಡಿದ, ನೋಡಿದ. ‘ಇವಳು ತರಂಗಿಲ್ಲ ಕಣಜ್ಜಿ. ಇರು, ನಾನೇ ತರ್ತೀನಿ’ ಅಂತ ಎದ್ದ.”

“ತಂದನಾ?”

“ಅವನು ತರದೆ ಇರ್ತಾನಾ? ತಂದು, ಅವನೇ ತೊಡಿಸ್ದ. ಆ ಒದ್ದೆ ಕೈಲಿ.” ಅಜ್ಜಿ ತನ್ನ ಆಡುವ ಕೈಯಿಂದ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ಬಲ ಅವಳಲ್ಲಿ ಉಳಿದಿದೆಯೆಂದು ನನಗೆ ಗೊತ್ತಿರಲಿಲ್ಲ. “ನಂಗೆ ಅವನ ಕೈಯಿಂದ ಬ್ಯಾಡ ಮಗಾ. ನಿನ್ನ ಕೈಯಿಂದ ಬೇಕು.”

ನಾನು ಬಾಗಿಲ ಕಡೆ ನೋಡಿದೆ. ಬೀದಿನಾಯಿ ಎದುರು ಮನೆಯ ಮೆಟ್ಟಿಲ ಮೇಲಿರಲಿಲ್ಲ. ನಮ್ಮ ಜಗಲಿಗೆ ವಾಪಸ್ ಬಂದು, ಮೈ ಚಾಚಿ, ನೆಮ್ಮದಿಯಾಗಿ ಮಲಗಿತ್ತು.

ಜಗಲಿ ಖಾಲಿಯಾಗಿತ್ತು.

ಚಪ್ಪಲಿ ಮೆಟ್ಟಿದ್ದು ನೆನಪಿಲ್ಲ. ಹೊನ್ನಾಳಿಗೆ ಸಿಕ್ಕ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ. ದಾರಿಯಲ್ಲಿ ಮೆಕ್ಕೆಜೋಳದ ರಾಶಿಗಳ ಪಕ್ಕ ಡ್ರೈವರ್ ನಿಧಾನ ಮಾಡಿದಾಗೆಲ್ಲ ನನಗೆ ಕೂಗಬೇಕೆನ್ನಿಸುತ್ತಿತ್ತು. ಆವತ್ತು ಸುಳ್ಳಿಗೆ ಎಳೆತಂದಿದ್ದ ಅದೇ ರಾಶಿಗಳು ಇವತ್ತು ನಿಜವಾಗಿಯೂ ತಡೆಯುತ್ತಿದ್ದವು. ಹೊನ್ನಾಳಿಯಲ್ಲಿ ಇಳಿದು ನ್ಯಾಮತಿಯ ಬಸ್ಸು ಹಿಡಿದೆ. ಮುಂದಿನ ಸೀಟಿನಲ್ಲಿ ಯಾರೋ ಟವೆಲ್ ಹೊದ್ದು ಕೂತಿದ್ದರು. ಅವರ ಕಾಲನ್ನು ಬಗ್ಗಿ ನೋಡಿದೆ. ಒಣಗಿದ ಮಣ್ಣಿತ್ತು. ಅಷ್ಟರಮಟ್ಟಿಗೆ ಹುಚ್ಚಿಯಾಗಿದ್ದೆ.

ಆಶಾ ಅವರ ಅಂಗಡಿ ಅರ್ಧ ಫ್ಯಾನ್ಸಿ ಸ್ಟೋರ್, ಅರ್ಧ ಮೊಬೈಲ್ ಅಂಗಡಿ. ಬಳೆಗಳ ಸಾಲಿನ ಹಿಂದೆ, ಗಾಜಿನ ಪೆಟ್ಟಿಗೆಯ ಮೇಲೆ ಕೆಂಪು ಕಂಟ್ರೋಲರ್ ಇತ್ತು. ಡಬ್ಬಿಯಿಂದ ತೆಗೆದು ಹೊರಗಿಟ್ಟಿದ್ದರು.

“ಅದು ಕೊಡ್ರಿ.”

“ಅಯ್ಯೋ, ಈಗಷ್ಟೇ ಒಬ್ರು ಕೇಳಿ ಹೋದ್ರು ಕಣಮ್ಮ,” ಎಂದರು ಆಶಾ. “ತೆಗೆಸಿ ನೋಡಿದ್ರು. ‘ಯಾರೋ ತರ್ತೀನಿ ಅಂದೋರು ತರ್ಲಿಲ್ಲ, ಒಬ್ಬ ಮುದುಕಮ್ಮಂಗೆ ಬೇಕು’ ಅಂದ್ರು. ಆ ಕಡೆ ಹೋಗಿ ಬರ್ತೀನಿ, ಇಟ್ಟಿರಿ ಅಂದ್ರು.”

“ಯಾರವರು?”

“ಗೊತ್ತಿಲ್ಲಪ್ಪ, ಈ ಊರೋರಲ್ಲ. ನೋಡ್ರಿ, ನೆಲ ಎಲ್ಲ ಹೆಂಗೆ ಮಾಡಿ ಹೋಗ್ಯಾರೆ, ಈಗ ಒರೆಸಿದ್ದೆ.”

ನಾನು ನೆಲ ನೋಡಲಿಲ್ಲ. ನೋಡಬಾರದೆಂದು ಗೊತ್ತಿತ್ತು. “ಆ ಮುದುಕಮ್ಮ ನಮ್ಮಜ್ಜಿ ರೀ. ತರ್ತೀನಿ ಅಂದೋಳು ನಾನೇ,” ಎಂದೆ. ಆಶಾ ನನ್ನ ಮುಖ ನೋಡಿ ಅದನ್ನು ನನ್ನತ್ತ ಸರಿಸಿದರು. ಡಬ್ಬಿಗೆ ಹಾಕುತ್ತೇನೆಂದರು, ಬೇಡವೆಂದೆ. ಹಾಗೆಯೇ ಕೈಯಲ್ಲಿ ಹಿಡಿದುಕೊಂಡು ಹೊರಟೆ. ತಣ್ಣಗಿತ್ತು ಅದು. ದಾರಿಯುದ್ದಕ್ಕೂ ಎರಡು ಅಂಗೈಯಲ್ಲಿಟ್ಟು ಬೆಚ್ಚಗೆ ಮಾಡುತ್ತಾ ಬಂದೆ. ಹೊಳೆ ಸೇತುವೆಯ ಮೇಲೆ ಫೋನ್ ಬಡಿದುಕೊಂಡಿತು. ಜಗಳೂರಿನ ಅತ್ತೆ. ಎತ್ತಲಿಲ್ಲ. ಈ ಸಲ ಮಾತ್ರ ಕೆಳಗಿನ ನೀರನ್ನು ದಿಟ್ಟಿಸಿ ನೋಡಿದೆ.

ಮನೆ ಮುಟ್ಟಿದಾಗ ಅಮ್ಮ ದೇವರ ಮುಂದೆ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ನಾಯಿ ಜಗಲಿ ಬಿಟ್ಟು ಮತ್ತೆ ಎದುರು ಮನೆಗೆ ಹೋಗಿತ್ತು. ತಲೆಬಾಗಿಲು ತೆರೆದಿತ್ತು. ಒಳಗೆ ಬರುವಾಗ ಎಡಕ್ಕೆ ತಿರುಗದೆ, ಜಗಲಿಯ ಕಡೆ ಕಣ್ಣು ಹಾಯಿಸದೆ ಹೊಸ್ತಿಲು ದಾಟಿದೆ.

“ಅಜ್ಜಿ, ತಂದೆ.”

ಅವಳು ಕೈ ಚಾಚಿದಳು. ದಿಂಬು ಕೊಟ್ಟು ಕೂರಿಸಿ, ಕೆಂಪು ಕಂಟ್ರೋಲರನ್ನು ತೊಡೆಯ ಮೇಲಿಟ್ಟು, ಅವಳ ಹೆಬ್ಬೆರಳನ್ನು ಸ್ಟಿಕ್ಕಿನ ಮೇಲಿರಿಸಿದೆ. ಜೋಡಿಸುವ ಗುಂಡಿ ಒತ್ತಿದೆ. ಅದರ ದೀಪ ಮಿಣಿಮಿಣಿ ಎಂದಿತು. ಮನಸ್ಸಿನ ಒಂದು ಮೂಲೆ ಈಗಲೂ ಬೇಡುತ್ತಿತ್ತು, ಆಗದಿರಲಿ, ಜೋಡಿಯಾಗದಿರಲಿ, ನಾಳೆ ಮತ್ತೆ ಅಂಗಡಿಗೆ ಹೋಗುವಂತಾಗಲಿ. ದೀಪ ಮಿನುಗುವುದನ್ನು ನಿಲ್ಲಿಸಿ ಸ್ಥಿರವಾಗಿ ಉರಿಯಿತು.

ಪರದೆಯ ಮೇಲೆ ಗೊಂಬೆ ಹೊಳೆಯ ದಡದಲ್ಲಿ ನಿಂತಲ್ಲೇ ಕಾಲು ಹಾಕುತ್ತಿತ್ತು. ನಾನು ಹಳೆಯ ಸ್ಟಿಕ್ಕನ್ನು ನಡುವಿಗೆ ಎಳೆದು ಹಿಡಿದೆ. ಗೊಂಬೆ ನಿಂತಿತು.

“ನಡೆಸಜ್ಜಿ.”

ಅವಳ ಹೆಬ್ಬೆರಳು ಸ್ಟಿಕ್ಕನ್ನು ಮೆಲ್ಲಗೆ ಸರಿಸಿತು. ಗೊಂಬೆ ನೀರಿಗೆ ಬೆನ್ನು ಮಾಡಿ, ದಡದಗುಂಟ ಸ್ವಲ್ಪ ದೂರ ನಡೆದು, ಹಗ್ಗದ ಸೇತುವೆಯ ಬಾಯಿಗೆ ಬಂದು ನಿಂತಿತು. ಕತ್ತಲಿತ್ತು. ನಾನು ಕಂದೀಲು ಎತ್ತಿದೆ. ಆಚೆ ದಡದ ಮನೆಯ ಕಿಟಕಿ ಕಂಡಿತು.

“ಎತ್ತಿ ಹಿಡಿ,” ಎಂದಳು ಅಜ್ಜಿ. ನಾಲಿಗೆ ತೊದಲಲಿಲ್ಲ. “ಇಳಿಸ್ಬ್ಯಾಡ.”

“ಇಳಿಸಲ್ಲ.”

ಗೊಂಬೆ ಸೇತುವೆಯ ಮೇಲೆ ಕಾಲಿಟ್ಟಿತು. ಅಜ್ಜಿ ಅದನ್ನು ನಿಧಾನವಾಗಿ, ಒಂದು ಹಲಗೆಯನ್ನೂ ತಪ್ಪಿಸದೆ ನಡೆಸಿದಳು. ಅಮ್ಮ ದೀಪ ಹಚ್ಚಿದಳು. ಹೊರಗೆ ಜಗಲಿಯ ಕಡೆ, ಬಹಳ ಹೊತ್ತು ಕೂತವರು ಮೊಣಕಾಲಿನ ಮೇಲೆ ಕೈಯೂರಿ ಏಳುವಾಗಿನಂಥ ಒಂದು ಸಣ್ಣ ಸದ್ದಾಯಿತು.

ಅಜ್ಜಿ ಪರದೆಯಿಂದ ಕಣ್ಣು ಕೀಳದೆ, ನನ್ನ ಭುಜದ ಮೇಲಿಂದ ಬಾಗಿಲಿಗೆ ಕೇಳಿಸುವಷ್ಟು ಜೋರಾಗಿ ಹೇಳಿದಳು:

“ತಂದ್ಕೊಟ್ಲು ನೋಡಪ್ಪ, ನನ್ನ ಮೊಮ್ಮಗಳು.”